ಹ್ಯಾಲೊವೀನ್ ಹಬ್ಬದ ಮೂಲ: ನಾವು ಆಡಿದ ಒಂದು ತಪ್ಪು ಮಾತು



ಸಭೆಯಲ್ಲಿ ಆಡಿದ ತಪ್ಪು ಮಾತನ್ನು ಸಭೆಯಲ್ಲಿಯೇ ಒಪ್ಪಿಕೊಳ್ಳಬೇಕು ಎಂದು ನಮ್ಮ ಗುರುಕುಲದ ಹಿರಿಯರು ಹೇಳುತ್ತಿದ್ದರು. ನಾವು ಈಗ ಒಪ್ಪಿಕೊಳ್ಳಬೇಕಾಗಿರುವ ಮಾತನ್ನು ಆಡಿದ ಸಭೆ ದೂರದ ಅಮೆರಿಕದಲ್ಲಿ ನೆರೆದಿತ್ತು. ಆ ಜನರನ್ನೆಲ್ಲ ಮತ್ತೆ ಒಂದೆಡೆ ಕೂಡಿಸುವುದು ನಮ್ಮಿಂದಾಗದ ಕೆಲಸ. ಆದರೆ ಈ ಪತ್ರಿಕೆ ಅಲ್ಲಿನ ಕೆಲವು ಮನೆಗಳಿಗೂ ಹೋಗುತ್ತದೆ. ಅವರ ತಂದೆತಾಯಿಯರ ಮನೆಗಳಿಗೆ ಇಲ್ಲಿಯೂ ತಲುಪುತ್ತದೆ. ಆದ್ದರಿಂದ ಇದನ್ನೇ ಸಭೆಯೆಂದು ಭಾವಿಸಿ ಬರೆಯುತ್ತಿದ್ದೇವೆ.

ಸಂಗತಿ ನಡೆದದ್ದು 2014ರಲ್ಲಿ. ನವೆಂಬರ್ 1ರಂದು ಏರ್ಪಡಿಸಿದ್ದ ಕನ್ನಡ ರಾಜ್ಯೋತ್ಸವದ ಸಮಾರಂಭದಲ್ಲಿ ಮಾತನಾಡಬೇಕೆಂದು ನ್ಯೂಜೆರ್ಸಿಯ ಕನ್ನಡಿಗರು ನಮ್ಮನ್ನು ಕರೆಸಿಕೊಂಡಿದ್ದರು. ಬಾಗಲಕೋಟೆಯ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದ ಒಂದು ಸದ್ಗೃಹಸ್ಥರ ಮನೆಯಲ್ಲಿ ನಮ್ಮ ವಾಸ್ತವ್ಯ. ಮನೆಯಲ್ಲಿ ಪತಿಪತ್ನಿಯರು, 10 ವರುಷದ ಒಬ್ಬ ಮಗಳು ಮತ್ತು ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಜ್ಜಿ. ಸಮಾರಂಭದ ಹಿಂದಿನ ದಿನ, ಅಂದರೆ ಅಕ್ಟೋಬರ್ 31ರ ಶುಕ್ರವಾರ, ಸಂಜೆಯ ಪೂಜೆ ಮುಗಿಸಿ ನಾವು ಹೊರಗೆ ಬಂದಾಗ ನಡುಮನೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ವಾಗ್ವಾದ ನಡೆದಿತ್ತು. ಮಗು ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ ತೊಟ್ಟಿದ್ದಳು. ಅದರ ಮೇಲೆ ಬಿಳಿಯ ಬಣ್ಣದಲ್ಲಿ ಎಲುಬಿನ ಹಂದರ. ಕೈಯಲ್ಲೊಂದು ಖಾಲಿ ಚೀಲ. ಕಣ್ಣಲ್ಲಿ ನೀರು.

ಆ ದಿನ ಅಲ್ಲಿ ಹ್ಯಾಲೊವೀನ್ ಎಂಬ ಹಬ್ಬ. ಪ್ರತಿವರುಷ ಅಕ್ಟೋಬರ್ 31ರ ಸಂಜೆ ಮಕ್ಕಳು ದೆವ್ವ, ಮಾಟಗಾತಿ, ಅಸ್ಥಿಪಂಜರ, ರಾಜ, ರಾಣಿ ಮೊದಲಾದ ವೇಷ ಧರಿಸಿ ಮನೆಮನೆಗೆ ಹೋಗುತ್ತಾರೆ. ಬಾಗಿಲು ತೆರೆದೊಡನೆ ‘ಟ್ರಿಕ್ ಆರ್ ಟ್ರೀಟ್’ ಎಂದು ಒಕ್ಕೊರಲಿನಿಂದ ಕೂಗುತ್ತಾರೆ. ‘ಸಿಹಿ ಕೊಡಿ, ಇಲ್ಲವಾದರೆ ಚೇಷ್ಟೆ ಮಾಡುತ್ತೇವೆ’ ಎಂದು ಅದರ ಭಾವ. ಮನೆಯವರು ನಕ್ಕು ಚಾಕೊಲೇಟು, ಮಿಠಾಯಿಗಳನ್ನು ಚೀಲಕ್ಕೆ ಹಾಕುತ್ತಾರೆ. ಸಿಹಿಗುಂಬಳದ ತಿರುಳನ್ನು ತೆಗೆದು, ಕಣ್ಣು ಬಾಯಿ ಕೊರೆದು, ಒಳಗೆ ದೀಪವಿಟ್ಟು ಹೊಸ್ತಿಲ ಬಳಿ ಇರಿಸಿರುತ್ತಾರೆ. ನೋಡುವುದಕ್ಕೆ ಚೆಂದವೇ.

ಅಜ್ಜಿಗೆ ಅದು ಚೆಂದ ಕಾಣಲಿಲ್ಲ. “ನೀವಽ ಹೇಳ್ರಿ ಶಾಸ್ತ್ರಿಗಳ. ದೀಪಾವಳಿ ಮುಗದು ಒಂದ ವಾರ ಆಗೇತಿ. ಮನೀ ಕೂಸು ಎಲುಬಿನ ವೇಷಾ ಹಾಕ್ಕೊಂಡು ಮಂದಿ ಬಾಗಲಕ್ಕ ಬೇಡಾಕ ಹೊಂಟೈತಿ. ಇದು ಬರೋಬರಿ ಏನು?” ಎಂದು ನ್ಯಾಯವನ್ನು ನಮ್ಮ ಮುಂದಿಟ್ಟರು. ಮಗುವಿನ ತಂದೆ ಸಂಕೋಚದಿಂದ, ಈ ಹಬ್ಬ ಐರ್ಲೆಂಡ್ ದೇಶದ ಒಂದು ಪುರಾತನ ಹಬ್ಬದಿಂದ ಬಂದದ್ದಂತೆ ಎಂದು ತಮ್ಮ ಕಂಪ್ಯೂಟರಿನ ಪರದೆಯಲ್ಲಿ ಅದರ ಹೆಸರನ್ನು ತೋರಿಸಿದರು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರೆ ‘ಸಮ್‌ಹೈನ್’ ಎಂದಾಗುತ್ತಿತ್ತು.

ಆ ಕ್ಷಣದಲ್ಲಿ ನಮಗೆ ಒಂದು ಯೋಚನೆ ಹೊಳೆಯಿತು. ಹೊಳೆಯಿತು ಎನ್ನುವುದಕ್ಕಿಂತ ಎಡವಿತು ಎನ್ನುವುದೇ ಸರಿ. ‘ಸಮ್‌ಹೈನ್’ ಎಂದರೆ ನಮ್ಮ ‘ಸ್ಮಶಾನ’ವೇ ಇರಬೇಕು ಎಂದೆವು. ಸ್ಮಶಾನವಾಸಿಯಾದ ಶಿವನ ಗಣಗಳೇ ಎಲುಬಿನ ವೇಷದವರು. ಈ ಆಚಾರ ಹಿಂದೆ ನಮ್ಮಿಂದಲೇ ಆ ದೇಶಗಳಿಗೆ ಹೋಗಿ ರೂಪಾಂತರ ಹೊಂದಿದೆ. ಆದ್ದರಿಂದ ಮಗು ಹೋಗಿಬರುವುದರಲ್ಲಿ ದೋಷವಿಲ್ಲ ಎಂದು ತೀರ್ಪು ಕೊಟ್ಟೆವು. ಅಜ್ಜಿಯ ಮುಖ ಅರಳಿತು. “ಹಂಗಾರ ಇದು ನಮ್ಮದಽ ಹಬ್ಬ” ಎಂದು ತಾವೇ ಮಗುವಿನ ಕಣ್ಣೊರೆಸಿ ಕಳುಹಿಸಿದರು. ಒಂದು ಗಂಟೆಯ ನಂತರ ಆ ಕೂಸು ತುಂಬಿದ ಚೀಲದೊಡನೆ ಬಂದು ಎರಡು ಚಾಕೊಲೇಟುಗಳನ್ನು ಮೊದಲು ನಮ್ಮ ಅಂಗೈಯಲ್ಲಿಟ್ಟಳು. ಮನೆಯಲ್ಲಿ ಶಾಂತಿ ನೆಲೆಸಿತೆಂದು ನಮಗೂ ಸಮಾಧಾನವಾಯಿತು.

ಮಾತು ಅಲ್ಲಿಗೇ ನಿಂತಿದ್ದರೆ ಅದು ಒಂದು ಮನೆಯ ಮಾತಾಗುತ್ತಿತ್ತು. ಮರುದಿನ ಸಮಾರಂಭದಲ್ಲಿ ಸುಮಾರು 400 ಜನರ ಮುಂದೆ ನಾವು ಅದನ್ನೇ ಮತ್ತೆ ಹೇಳಿದೆವು. ಹಿಂದಿನ ರಾತ್ರಿ ‘ಇರಬೇಕು’ ಎಂದದ್ದನ್ನು ವೇದಿಕೆಯಲ್ಲಿ ‘ಇದೆ’ ಎಂದೆವು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಸುಖವನ್ನು ನಾವು ಅನುಭವಿಸಿದ್ದು ನಿಜ, ಅದನ್ನು ಮರೆಮಾಚುವುದಿಲ್ಲ.

ಮೂರು ವರುಷಗಳು ಕಳೆದವು. 2017ರ ಅಕ್ಟೋಬರ್ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಆ ಮಗು ನಮಗೆ ದೂರವಾಣಿ ಮಾಡಿದಳು. ಆಗ ಅವಳು ಎಂಟನೆಯ ತರಗತಿ. ಹ್ಯಾಲೊವೀನ್ ಹಬ್ಬದ ಮೂಲವನ್ನು ಕುರಿತು ಶಾಲೆಯಲ್ಲಿ ಪ್ರಬಂಧ ಬರೆಯಬೇಕಾಗಿತ್ತಂತೆ. ಅವಳು ಹೆಮ್ಮೆಯಿಂದ ನಮ್ಮ ಮಾತನ್ನು ಬರೆದಿದ್ದಳು. ಹೇಳಿದವರು ಭಾರತದ ಒಬ್ಬ ವಿದ್ವಾಂಸರು ಎಂದೂ ಸೇರಿಸಿದ್ದಳು. ಅವಳ ಅಧ್ಯಾಪಕರು ಅದರ ಕೆಳಗೆ ಗೆರೆ ಎಳೆದು ಆಧಾರವೇನೆಂದು ಕೇಳಿದ್ದರು. “ಅಜ್ಜಾ, ಅದು ಯಾವ ಪುಸ್ತಕದಾಗ ಐತಿ? ಹೆಸರು ಹೇಳ್ರಿ, ನಾಳೆ ಕೊಡಬೇಕು” ಎಂದು ಆ ಮುಗ್ಧ ಧ್ವನಿ ಕೇಳಿತು. ಯಾವ ಪುಸ್ತಕದಲ್ಲಿಯೂ ಅದು ಇರಲಿಲ್ಲ. “ನೋಡಿ ಹೇಳುತ್ತೇನೆ ಮಗು” ಎಂದು ದೂರವಾಣಿಯನ್ನು ಕೆಳಗಿಟ್ಟೆವು.

ನಮ್ಮ ವಿದ್ಯಾಭ್ಯಾಸವೆಲ್ಲ ಮಠದ ಆಶ್ರಯದಲ್ಲಿ ಆದದ್ದು. ಅಲ್ಲಿ ನಮಗೆ ತಾಡವಾಲೆಯನ್ನು ಓದಲು ಕಲಿಸಿದ ಗುರುಗಳು ಯಾವ ಪಾಠವನ್ನೂ ನೇರವಾಗಿ ಒಪ್ಪಿಕೊಳ್ಳಲು ಬಿಡುತ್ತಿರಲಿಲ್ಲ. ಇದನ್ನು ಬರೆದವನಾರು, ಬರೆದದ್ದು ಯಾವಾಗ, ಅವನಿಗೆ ಅದು ತಿಳಿದದ್ದು ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಓಲೆಗೂ ಕೇಳಬೇಕಾಗಿತ್ತು. ಮೂರಕ್ಕೂ ಉತ್ತರ ಸಿಗದಿದ್ದರೆ ‘ತಿಳಿಯದು’ ಎಂದು ಅಂಚಿನಲ್ಲಿ ಬರೆಯಬೇಕಾಗಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಅವರು ಎಷ್ಟು ಸಾರಿ ಹೇಳಿರಬಹುದೋ ಲೆಕ್ಕವಿಲ್ಲ. ಇಂಥವರ ಬಳಿ ಕಲಿತ ನಾವು, ಕೇವಲ ಎರಡು ಶಬ್ದಗಳ ಸದ್ದು ಹೋಲಿದ್ದರಿಂದ ಒಂದು ಚರಿತ್ರೆಯನ್ನೇ ಕಟ್ಟಿದ್ದೆವು. ಮರುದಿನವೇ ಗ್ರಂಥಾಲಯಕ್ಕೆ ಹೋದೆವು. ಮಿತ್ರರ ಮೂಲಕ ಕೆಲವು ಗ್ರಂಥಗಳನ್ನು ತರಿಸಿದೆವು. ಓದಿ ತಿಳಿದದ್ದನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇವೆ.

ಮೊದಲನೆಯದಾಗಿ, ನಾವು ‘ಸಮ್‌ಹೈನ್’ ಎಂದು ಓದಿದ ಶಬ್ದದ ಉಚ್ಚಾರ ಹಾಗಿಲ್ಲವೇ ಇಲ್ಲ. ಐರಿಷ್ ಭಾಷೆಯಲ್ಲಿ ಅದನ್ನು ‘ಸೌವಿನ್’ ಎಂಬಂತೆ ಉಚ್ಚರಿಸುತ್ತಾರೆ. ಅದು ಇಂದಿಗೂ ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳ ಹೆಸರು. ಬೇಸಿಗೆ ಮುಗಿದು ಚಳಿಗಾಲ ಕಾಲಿಡುವ, ಮೇವಿನ ಬೆಟ್ಟಗಳಿಂದ ದನಕರುಗಳನ್ನು ಮನೆಯ ಕಡೆಗೆ ಇಳಿಸಿಕೊಂಡು ಬರುವ ಕಾಲದ ಹಬ್ಬ ಅದು. ಆ ದಿನಗಳಲ್ಲಿ ಅರಸರು ಸಭೆ ಸೇರುತ್ತಿದ್ದರು, ಔತಣಗಳು ನಡೆಯುತ್ತಿದ್ದವು, ಅಲೌಕಿಕ ಲೋಕದ ಬಾಗಿಲು ಆ ರಾತ್ರಿ ತೆರೆದಿರುತ್ತದೆ ಎಂದು ಐರ್ಲೆಂಡಿನ ಮಧ್ಯಯುಗದ ಕಥೆಗಳು ಹೇಳುತ್ತವೆ. ಈ ಕಥೆಗಳನ್ನು ಬರೆದಿಟ್ಟವರು ಕ್ರೈಸ್ತ ಸಂನ್ಯಾಸಿಗಳು. ಅದೂ ಆ ದೇಶ ಕ್ರೈಸ್ತವಾದ ಎಷ್ಟೋ ಶತಮಾನಗಳ ನಂತರ. ಅದಕ್ಕೆ ಮುಂಚಿನ ‘ಡ್ರೂಯಿಡ್’ ಎಂಬ ಪುರೋಹಿತರು ತಮ್ಮ ಆಚಾರಗಳನ್ನು ಕುರಿತು ಏನನ್ನೂ ಬರೆದಿಟ್ಟಿಲ್ಲ. ಮಕ್ಕಳು ವೇಷ ಹಾಕಿ ಸಿಹಿ ಬೇಡುವ ಸುಳಿವಂತೂ ಆ ಹಳೆಯ ಕಥೆಗಳಲ್ಲಿ ಇಲ್ಲ.

ಎರಡನೆಯದಾಗಿ, ‘ಹ್ಯಾಲೊವೀನ್’ ಎಂಬ ಹೆಸರು. ಇದು ಶುದ್ಧವಾಗಿ ಕ್ರೈಸ್ತರ ಹೆಸರು. ನವೆಂಬರ್ 1 ಅವರಿಗೆ ಸಕಲ ಸಂತರ ದಿನ. ಅದರ ಮುನ್ನಾದಿನದ ಸಂಜೆಯೇ ಹ್ಯಾಲೊವೀನ್. ಎಂಟನೆಯ ಶತಮಾನದಲ್ಲಿ, 731ರಿಂದ 741ರವರೆಗೆ ಪೋಪ್ ಆಗಿದ್ದ ಮೂರನೆಯ ಗ್ರೆಗೊರಿ ರೋಮಿನ ಸಂತ ಪೀಟರನ ದೇವಾಲಯದಲ್ಲಿ ಸಕಲ ಸಂತರ ಹೆಸರಿನಲ್ಲಿ ಒಂದು ಪ್ರಾರ್ಥನಾ ಮಂದಿರವನ್ನು ಸ್ಥಾಪಿಸಿದನು. 835ರಲ್ಲಿ ಫ್ರಾಂಕ್ ಸಾಮ್ರಾಜ್ಯದಲ್ಲಿ ಈ ಹಬ್ಬವನ್ನು ನವೆಂಬರ್ 1ರಂದು ಆಚರಿಸುವ ಕಟ್ಟಳೆಯಾಯಿತು. ನವೆಂಬರ್ 2 ಸಕಲ ಮೃತಾತ್ಮರ ದಿನ. ಐರ್ಲೆಂಡಿನ ಹಳೆಯ ಹಬ್ಬವನ್ನು ಅಳಿಸುವುದಕ್ಕಾಗಿಯೇ ಚರ್ಚು ಅದೇ ದಿನವನ್ನು ಆರಿಸಿಕೊಂಡಿತು ಎಂದು ಎಲ್ಲ ಕಡೆಯೂ ಬರೆಯುತ್ತಾರೆ. ಕೇಳುವುದಕ್ಕೆ ಸರಿಯೆನಿಸುತ್ತದೆ. ಆದರೆ ಸುಮಾರು 800ರ ಹೊತ್ತಿನ ಐರ್ಲೆಂಡಿನ ಒಂದು ಸಂತಚರಿತ ಪಂಚಾಂಗದಲ್ಲಿ ಈ ಹಬ್ಬ ಬರುವುದು ಏಪ್ರಿಲ್ 20ರಂದು! ಹಳೆಯ ಹಬ್ಬ ಇದ್ದ ನಾಡಿನಲ್ಲಿಯೇ ಹೊಸ ಹಬ್ಬ ಬೇರೆ ದಿನ ಇತ್ತು. ನವೆಂಬರ್ 1ನ್ನು ಮೊದಲು ಹಿಡಿದವರು ಇಂಗ್ಲೆಂಡ್ ಮತ್ತು ಜರ್ಮನಿಯ ಕಡೆಯವರು. ಇಂಗ್ಲೆಂಡಿನ ಇತಿಹಾಸಕಾರ ರೊನಾಲ್ಡ್ ಹಟನ್ ಅವರು 1996ರ ತಮ್ಮ ಗ್ರಂಥದಲ್ಲಿ ಇದನ್ನು ಎತ್ತಿ ತೋರಿಸಿದ್ದಾರೆ.

ಒಂದೇ ದಿನ ಬಂದ ಮಾತ್ರಕ್ಕೆ ಎರಡು ಹಬ್ಬಗಳಿಗೆ ನಂಟು ಹೇಳಬಾರದು ಎಂಬುದಕ್ಕೆ ನಮ್ಮ ಎದುರಿಗೇ ಒಂದು ನಿದರ್ಶನವಿತ್ತು. ನಾವು ಮಾತನಾಡಲು ಹೋದ ರಾಜ್ಯೋತ್ಸವವೂ ನವೆಂಬರ್ 1ರಂದೇ. ರಾಜ್ಯಗಳ ಪುನರ್ವಿಂಗಡಣೆಯ ಕಾಯಿದೆ 1956ರಲ್ಲಿ ಆ ದಿನ ಜಾರಿಗೆ ಬಂದದ್ದೇ ಅದಕ್ಕೆ ಕಾರಣ. ಸಾವಿರ ವರುಷಗಳ ನಂತರ ಯಾವನಾದರೂ ಪಂಡಿತನು ಕನ್ನಡಿಗರು ಸಕಲ ಸಂತರ ದಿನವನ್ನು ಆಚರಿಸುತ್ತಿದ್ದರು ಎಂದು ಬರೆದರೆ ನಮ್ಮವರು ನಗುವುದಿಲ್ಲವೇ? ನಾವು ಮಾಡಿದ್ದು ಅದಕ್ಕಿಂತ ಬೇರೆಯಾಗಿರಲಿಲ್ಲ.

ಇನ್ನು ‘ಸೌವಿನ್ ಎಂಬುವನು ಮೃತರ ಒಡೆಯನಾದ ದೇವತೆ’ ಎಂಬ ಮಾತು. ಇದನ್ನು ನೂರಾರು ಪುಸ್ತಕಗಳು ಹೇಳುತ್ತವೆ. ಹುಡುಕುತ್ತ ಹಿಂದಕ್ಕೆ ಹೋದರೆ ದಾರಿ ಚಾರ್ಲ್ಸ್ ವ್ಯಾಲೆನ್ಸಿ ಎಂಬ ಒಬ್ಬ ವ್ಯಕ್ತಿಯ ಬಳಿಗೆ ಬಂದು ನಿಲ್ಲುತ್ತದೆ. ಇವನು ಹದಿನೆಂಟನೆಯ ಶತಮಾನದಲ್ಲಿ ಐರ್ಲೆಂಡಿಗೆ ಹೋದ ಬ್ರಿಟಿಷ್ ಸೈನ್ಯದ ಇಂಜಿನಿಯರು. ಆ ನಾಡಿನ ಹಳಮೆಯ ಮೇಲೆ ಅವನಿಗೆ ನಿಜವಾದ ಪ್ರೀತಿಯಿತ್ತು. 1770ರಿಂದ 1804ರವರೆಗೆ ಹಲವು ಸಂಪುಟಗಳನ್ನು ಪ್ರಕಟಿಸಿದನು. ಐರಿಷ್ ಭಾಷೆ ಫಿನೀಷಿಯದಿಂದ ಬಂದದ್ದೆಂದು ಒಮ್ಮೆ, ಅರಬ್ಬಿಗೂ ಹಿಂದೂಸ್ತಾನಿಗೂ ಸಂಬಂಧಿಸಿದ್ದೆಂದು ಇನ್ನೊಮ್ಮೆ, ಸದ್ದಿನ ಹೋಲಿಕೆಯನ್ನು ಹಿಡಿದು ವಾದಿಸಿದನು. ಋತುವಿನ ಹೆಸರನ್ನು ದೇವತೆಯ ಹೆಸರೆಂದು ತಿಳಿದು, ‘ಸಮ್ಹನ್’ ಎಂಬ ಒಬ್ಬ ಮೃತರ ನ್ಯಾಯಾಧಿಪತಿಯನ್ನು ಸೃಷ್ಟಿಸಿದನು. ಪರದೇಶದವನೊಬ್ಬ ನಮ್ಮ ಹಳ್ಳಿಗೆ ಬಂದು ‘ಸುಗ್ಗಿ ಬಂತು’ ಎಂಬ ಮಾತನ್ನು ಕೇಳಿ, ಸುಗ್ಗಿ ಎಂಬ ದೇವಿ ಬರುತ್ತಾಳೆಂದು ಬರೆದುಕೊಂಡರೆ ಹೇಗೋ ಹಾಗೆ. ಐರ್ಲೆಂಡಿನ ಹಳೆಯ ಗ್ರಂಥಗಳಲ್ಲಿ ಅಂಥ ದೇವತೆಯ ಹೆಸರಿಲ್ಲ. ಕಲ್ಕತ್ತೆಯಲ್ಲಿ 1786ರಲ್ಲಿ ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಇರುವ ನಂಟನ್ನು ಸಾರಿದ ವಿಲಿಯಂ ಜೋನ್ಸ್ ಅವರು ಈ ವ್ಯಾಲೆನ್ಸಿಯ ಪರಿಚಿತರೇ ಆಗಿದ್ದರೂ ಅವನ ಗ್ರಂಥಕ್ಕೆ ಬೆಲೆ ಕೊಡಲಿಲ್ಲ.

ವ್ಯಾಲೆನ್ಸಿಯ ಬಗ್ಗೆ ಓದುತ್ತ ಹೋದಂತೆ ನಮಗೆ ಕನ್ನಡಿಯಲ್ಲಿ ನಮ್ಮ ಮುಖವೇ ಕಂಡಿತು. ಅವನೂ ಮೋಸಗಾರನಲ್ಲ, ಪ್ರೀತಿಯಿಂದ ಬರೆದವನು. ಆದರೆ ಅವನು ಬಿಟ್ಟ ಮಾತು ಅವನ ಕೈಯಲ್ಲಿ ಉಳಿಯಲಿಲ್ಲ. 1812ರಲ್ಲಿ ಅವನು ತೀರಿಕೊಂಡ ಮೇಲೂ ಒಬ್ಬರನ್ನು ನೋಡಿ ಒಬ್ಬರು ಬರೆದರು. 1980ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಕೆಲವು ಮತಪ್ರಚಾರಕರು ಹಂಚಿದ ಕರಪತ್ರಗಳಲ್ಲಿ ಆ ಕಲ್ಪಿತ ದೇವತೆಗೆ ನರಬಲಿಯೂ ಸೇರಿಕೊಂಡಿತು. ಡ್ರೂಯಿಡರು ಮನೆಮನೆಗೆ ಹೋಗಿ ಬಲಿಗೆ ಮಕ್ಕಳನ್ನು ಕೇಳುತ್ತಿದ್ದರು, ಅದೇ ಇಂದಿನ ಸಿಹಿ ಬೇಡುವ ಆಟವಾಯಿತು ಎಂದು ಬರೆದರು. ಇದಕ್ಕೆ ಎಳ್ಳಷ್ಟೂ ಆಧಾರವಿಲ್ಲ. ಆದರೂ ಅದನ್ನು ನಂಬಿ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಆ ಸಂಜೆ ಒಳಗೆ ಕೂಡಿಹಾಕಿದರು. ವೇಷ ಹಾಕಿದ ನೆರೆಮನೆಯ ಕೂಸನ್ನು ಸೈತಾನನ ಸೇವಕನೆಂಬಂತೆ ಕಂಡರು. ಒಂದು ಕಥೆ ಮಗುವನ್ನು ಹೊರಗೆ ಕಳಿಸಬಹುದು, ಇನ್ನೊಂದು ಕಥೆ ಒಳಗೆ ಕೂಡಿಹಾಕಬಹುದು. ಎರಡೂ ಆಧಾರವಿಲ್ಲದವು ಎಂಬಲ್ಲಿ ಭೇದವಿಲ್ಲ.

ಹಾಗಾದರೆ ಈ ಆಚಾರ ನಿಜವಾಗಿ ಬಂದದ್ದು ಎಲ್ಲಿಂದ? ಬಹಳ ದೂರದಿಂದೇನೂ ಅಲ್ಲ. ಇಂಗ್ಲೆಂಡಿನಲ್ಲಿ ಮೃತಾತ್ಮರ ದಿನದ ಸಮಯಕ್ಕೆ ಬಡವರು ಮನೆಮನೆಗೆ ಹೋಗಿ, ತೀರಿಕೊಂಡವರಿಗಾಗಿ ಪ್ರಾರ್ಥಿಸುತ್ತೇವೆಂದು ಹೇಳಿ ಒಂದು ಬಗೆಯ ಸಣ್ಣ ರೊಟ್ಟಿಯನ್ನು ಪಡೆಯುತ್ತಿದ್ದರು. ಸ್ಕಾಟ್ಲೆಂಡ್ ಮತ್ತು ಐರ್ಲೆಂಡುಗಳಲ್ಲಿ ಹುಡುಗರು ವೇಷ ಹಾಕಿ, ಹಾಡು ಹೇಳಿ, ಸೇಬು, ಬೀಜ, ಪುಡಿಕಾಸು ಸಂಪಾದಿಸುತ್ತಿದ್ದರು. ದೀಪಕ್ಕೆ ಅವರು ಕೊರೆಯುತ್ತಿದ್ದದ್ದು ಟರ್ನಿಪ್ ಗಡ್ಡೆಯನ್ನು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಘೋರ ಕ್ಷಾಮ ಬಿದ್ದಿತು. ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷಕ್ಕೂ ಮಿಕ್ಕಿ ಜನ ದೇಶ ಬಿಟ್ಟರು. ಹಡಗು ಹತ್ತಿ ಅಮೆರಿಕಕ್ಕೆ ಬಂದ ಆ ನಿರ್ಗತಿಕರು ಜೊತೆಗೆ ತಂದದ್ದು ತಮ್ಮ ಹಾಡು, ಪ್ರಾರ್ಥನೆ, ಹಬ್ಬಗಳನ್ನು. ಹೊಸ ನೆಲದಲ್ಲಿ ಟರ್ನಿಪ್ಪಿಗಿಂತ ದೊಡ್ಡದಾದ, ಕೊರೆಯಲು ಸುಲಭವಾದ ಸಿಹಿಗುಂಬಳ ಸಿಕ್ಕಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ರಾತ್ರಿಯ ಪುಂಡಾಟ ಮಿತಿಮೀರಿತ್ತು. ಹುಡುಗರು ಗೇಟುಗಳನ್ನು ಕಿತ್ತೊಯ್ಯುವುದು, ಕಿಟಕಿ ಒಡೆಯುವುದು ನಡೆಯುತ್ತಿತ್ತು. 1920ರಲ್ಲಿ ಮಿನೆಸೋಟ ರಾಜ್ಯದ ಅನೋಕ ಎಂಬ ಊರಿನವರು ಈ ಕಾಟವನ್ನು ತಪ್ಪಿಸುವುದಕ್ಕಾಗಿಯೇ ಮೆರವಣಿಗೆ ಏರ್ಪಡಿಸಿ ಮಕ್ಕಳನ್ನು ಅತ್ತ ತಿರುಗಿಸಿದರು. ‘ಟ್ರಿಕ್ ಆರ್ ಟ್ರೀಟ್’ ಎಂಬ ಕೂಗು ಕೂಡ ಆ ಕಾಲದ್ದೇ. ಕೆನಡಾ ದೇಶದ ಬ್ಲಾಕಿ ಎಂಬ ಸಣ್ಣ ಊರಿನ 1927ರ ವರದಿ ಅದರ ಹಳೆಯ ಉಲ್ಲೇಖಗಳಲ್ಲೊಂದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಲ್ಲಿ ಸಕ್ಕರೆಗೆ ಪಡಿತರ ಬಂದಿತು. 1942ರಿಂದ 1947ರವರೆಗೆ ಸಿಹಿ ಹಂಚುವುದು ಸುಲಭವಾಗಿರಲಿಲ್ಲ. ಪಡಿತರ ಎದ್ದ ಮೇಲೆ ಈ ಆಟ ದೇಶದ ತುಂಬ ಹಬ್ಬಿತು. 1950ರಲ್ಲಿ ಫಿಲಡೆಲ್ಫಿಯಾದ ಕೆಲವು ಮಕ್ಕಳು ಹೀಗೆ ಮನೆಮನೆಗೆ ಹೋಗಿ ಯುನಿಸೆಫ್ ಸಂಸ್ಥೆಗೆಂದು ಕಾಸು ಕೂಡಿಸಿದರು; ಆ ಪದ್ಧತಿ ಮುಂದುವರಿದು ಬಂದಿದೆ. ಮೊದಮೊದಲು ಮನೆಯಲ್ಲಿ ಮಾಡಿದ ತಿಂಡಿ, ಹಣ್ಣು, ಬೀಜ, ಕಾಸುಗಳನ್ನು ಕೊಡುತ್ತಿದ್ದರು. ಕಂಪನಿಗಳು ಮಾಡಿದ ಪೊಟ್ಟಣದ ಮಿಠಾಯಿಯೇ ಹಬ್ಬವನ್ನು ಆಳತೊಡಗಿದ್ದು ಆ ನಂತರದ ದಶಕಗಳಲ್ಲಿ. ಅಂದರೆ ಆ ಮಗು ನಮ್ಮ ಅಂಗೈಯಲ್ಲಿಟ್ಟ ಚಾಕೊಲೇಟಿನ ಪದ್ಧತಿಗೆ ಐದು ಸಾವಿರ ವರುಷವಲ್ಲ, ನೂರು ವರುಷ ತುಂಬಿರುವುದೂ ಅನುಮಾನ.

ಮಕ್ಕಳನ್ನು ಅಲ್ಲಿ ಬೆಳೆಸುತ್ತಿರುವ ತಾಯಂದಿರು ಕೇಳುವ ಇನ್ನೊಂದು ಮಾತಿಗೂ ಉತ್ತರ ಹೇಳಬೇಕು. ಅಪರಿಚಿತರು ಮಿಠಾಯಿಯಲ್ಲಿ ವಿಷ ಬೆರೆಸುತ್ತಾರೆ, ಸೇಬಿನಲ್ಲಿ ಬ್ಲೇಡು ಇಡುತ್ತಾರೆ ಎಂಬ ಭಯ ಬಹಳ ವರುಷಗಳಿಂದ ಇದೆ. ಜೋಯಲ್ ಬೆಸ್ಟ್ ಎಂಬ ಸಮಾಜವಿಜ್ಞಾನಿ 1958ರಿಂದೀಚಿನ ಪತ್ರಿಕಾ ವರದಿಗಳನ್ನೆಲ್ಲ ಜಾಲಾಡಿದರು. ಮನೆಬಾಗಿಲಲ್ಲಿ ಅಪರಿಚಿತರು ಕೊಟ್ಟ ಮಿಠಾಯಿಯಿಂದ ಮಗು ಸತ್ತ ಒಂದು ಪ್ರಕರಣವೂ ಅವರಿಗೆ ದೊರೆಯಲಿಲ್ಲ. 1974ರಲ್ಲಿ ಟೆಕ್ಸಾಸಿನಲ್ಲಿ ಒಂದು ಮಗು ವಿಷದ ಮಿಠಾಯಿಯಿಂದ ಸತ್ತದ್ದು ನಿಜ. ಕೊಟ್ಟವನು ಅಪರಿಚಿತನಲ್ಲ, ವಿಮೆಯ ಹಣಕ್ಕೆ ಆಸೆಪಟ್ಟ ಹೆತ್ತ ತಂದೆ. ಎಚ್ಚರಿಕೆ ಇರಲಿ, ಆದರೆ ನೆರೆಯವರೆಲ್ಲರನ್ನೂ ಶಂಕಿಸುವ ಕಥೆ ಬೇಡ.

ನಮ್ಮ ಕಥೆಗೆ ಮರಳೋಣ. ‘ಸ್ಮಶಾನ’ಕ್ಕೂ ಆ ಐರಿಷ್ ಶಬ್ದಕ್ಕೂ ಯಾವ ನಂಟೂ ಇಲ್ಲ. ನಿಜವಾದ ನಂಟು ಒಂದಿದೆ, ಅದು ಬೇರೆಯೇ. ಹಳೆಯ ಐರಿಷ್ ಭಾಷೆಯಲ್ಲಿ ಬೇಸಿಗೆಗೆ ಇರುವ ‘ಸಮ್’ ಎಂಬ ಶಬ್ದವೂ, ವರುಷ ಅಥವಾ ಋತು ಎಂಬ ಅರ್ಥದ ಸಂಸ್ಕೃತದ ‘ಸಮಾ’ ಶಬ್ದವೂ ಒಂದೇ ಮೂಲದವು ಎಂದು ಭಾಷಾಶಾಸ್ತ್ರಜ್ಞರು ಒಪ್ಪುತ್ತಾರೆ. ಅವರಿಂದ ನಮಗೆ ಬಂತೆಂದಾಗಲಿ ನಮ್ಮಿಂದ ಅವರಿಗೆ ಹೋಯಿತೆಂದಾಗಲಿ ಇದರ ಅರ್ಥವಲ್ಲ. ಎರಡೂ ಭಾಷೆಗಳು ಒಬ್ಬ ಮುತ್ತಜ್ಜಿಯ ಮರಿಮಕ್ಕಳು ಎಂದಷ್ಟೇ. ಹುಡುಕಿದ್ದರೆ ಈ ಸಣ್ಣ ಸತ್ಯವನ್ನೇ ಆ ಮಗುವಿಗೆ ಕೊಡಬಹುದಾಗಿತ್ತು. ನಾವು ದೊಡ್ಡ ಸುಳ್ಳನ್ನು ಕೊಟ್ಟೆವು.

ಇಷ್ಟೆಲ್ಲ ಓದುವಷ್ಟರಲ್ಲಿ ಅವಳು ಪ್ರಬಂಧ ಒಪ್ಪಿಸುವ ದಿನ ಮೀರಿಹೋಗಿತ್ತು. ನಾವು ಅವಳಿಗೆ ಪತ್ರ ಬರೆದೆವು. “ಮಗು, ಆ ಮಾತು ಯಾವ ಪುಸ್ತಕದಲ್ಲಿಯೂ ಇಲ್ಲ. ಆ ರಾತ್ರಿ ನಾವು ಕಟ್ಟಿ ಹೇಳಿದ್ದು. ನಿನಗೆ ಅಂಕ ಕಡಿಮೆಯಾದರೆ ಅದರ ಹೊಣೆ ನಮ್ಮದು” ಎಂದು ಬರೆದು, ತಿಳಿದದ್ದನ್ನೆಲ್ಲ ವಿವರಿಸಿದೆವು. ಹದಿನೈದು ದಿನಗಳ ನಂತರ ಅವಳ ಉತ್ತರ ಬಂದಿತು. ಅಂಕ ಕಡಿಮೆಯಾಗಿತ್ತು. ಆದರೆ ಅವಳು ನಮ್ಮ ಪತ್ರವನ್ನು ಇಂಗ್ಲಿಷಿಗೆ ತಿರುಗಿಸಿ ಅಧ್ಯಾಪಕರಿಗೆ ತೋರಿಸಿದ್ದಳು. ದೊಡ್ಡವರು ತಪ್ಪಾಯಿತೆಂದು ಬರೆದ ಕಾಗದವನ್ನು ತಾನು ಮೊದಲ ಸಾರಿ ನೋಡಿದ್ದು ಎಂದು ಬರೆದಿದ್ದಳು. ಆ ಮಾತು ಓದಿ ನಮಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಏಕೆಂದರೆ ಸಭೆಗೆ ನಾವು ಆ ಕಾಗದ ಬರೆದಿರಲಿಲ್ಲ. ಸಮಾರಂಭ ನಡೆಸಿದವರಿಗೆ ಒಂದು ಸಾಲು ಬರೆಯಲು ನಮ್ಮ ಅಭಿಮಾನ ಅಡ್ಡ ಬಂದಿತು. ಅದರ ಫಲ 2018ರಲ್ಲಿ ಕಂಡಿತು. ದಾವಣಗೆರೆಯ ಬಂಧುಗಳೊಬ್ಬರು ವಾಟ್ಸಾಪ್‌ನಲ್ಲಿ ಬಂದ ಒಂದು ಸಂದೇಶವನ್ನು ನಮಗೆ ಕಳುಹಿಸಿದರು. ಅದರಲ್ಲಿ ನಮ್ಮದೇ ಕಥೆ! ಆದರೆ ಅದು ಈಗ ಬೆಳೆದು ಗಂಡಾಳಾಗಿತ್ತು. ಐದು ಸಾವಿರ ವರುಷಗಳ ಹಿಂದೆ ನಮ್ಮವರು ಐರ್ಲೆಂಡಿಗೆ ಹೋಗಿ ಸ್ಮಶಾನದ ಹಬ್ಬವನ್ನು ಕಲಿಸಿದರು, ಅಮೆರಿಕದ ವಿಶ್ವವಿದ್ಯಾಲಯ ಇದನ್ನು ಒಪ್ಪಿದೆ ಎಂದಿತ್ತು. ಇದಕ್ಕೆ ಆಧಾರವೇನೆಂದು ಆ ಬಂಧುಗಳನ್ನು ಕೇಳಿದೆವು. “ಯಾರೋ ದೊಡ್ಡ ವಿದ್ವಾಂಸರು ಹೇಳಿದ್ದಂತೆ” ಎಂದರು. ಆ ದೊಡ್ಡವರು ನಾವೇ ಎಂದು ಹೇಳಿದಾಗ ಅವರು ನಂಬಲಿಲ್ಲ. ನಾವು ತಮಾಷೆ ಮಾಡುತ್ತಿದ್ದೇವೆಂದು ನಕ್ಕರು. ಸುಳ್ಳಿಗೆ ರೆಕ್ಕೆ ಬಂದ ಮೇಲೆ ಹೆತ್ತವನೇ ಕರೆದರೂ ಅದು ಗೂಡಿಗೆ ಮರಳುವುದಿಲ್ಲ.

ಕಳೆದ ವರುಷ ಒಂದು ಕಾರ್ಯಕ್ಕೆಂದು ಬಾಗಲಕೋಟೆಯ ಕಡೆಗೆ ಹೋದಾಗ ಆ ಅಜ್ಜಿಯನ್ನು ಕಾಣಲು ಅವರ ಹಳ್ಳಿಗೆ ಹೋದೆವು. ವಯಸ್ಸಾಗಿದೆ, ಆದರೆ ಮಾತಿನ ಗಟ್ಟಿತನ ಹಾಗೆಯೇ ಇದೆ. ಮೊಮ್ಮಗಳು ಈಗ ಕಾಲೇಜು ಓದುತ್ತಿರುವುದನ್ನು ಹೇಳಿದರು. ಓಣಿಯ ಹೆಣ್ಣುಮಕ್ಕಳಿಗೆಲ್ಲ ಅವರು ಅಮೆರಿಕದಲ್ಲಿಯೂ ನಮ್ಮ ಹಬ್ಬವನ್ನು ಮಾಡುತ್ತಾರೆಂದು ಹೇಳುತ್ತ ಬಂದಿದ್ದರಂತೆ. ನಾವು ಎಲ್ಲವನ್ನೂ ಬಿಚ್ಚಿ ಹೇಳಿದೆವು. ಮನೆಯಲ್ಲಿ ಜಗಳ ಬೇಡವೆಂದು ಹಾಗೆ ಹೇಳಿದೆವು, ಅದು ನಿಜವಲ್ಲ, ಕ್ಷಮಿಸಬೇಕು ಎಂದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಷ್ಟಕ್ಕ ಯಾಕ ಕಥೀ ಕಟ್ಟಿದ್ರಿ ಶಾಸ್ತ್ರಿಗಳ? ಇದು ಕೂಸುಗಳ ಆಟ, ಕೇಡೇನಿಲ್ಲ, ಕಳಸವ್ವಾ ಅಂದಿದ್ರೂ ನಾ ಕಳಸತಿದ್ದೆ” ಎಂದರು.

ನಾವು ಇಷ್ಟು ವರುಷ ಓದಿ ಕಲಿತದ್ದಕ್ಕಿಂತ ಆ ತಾಯಿಯ ಮಾತು ದೊಡ್ಡದೆಂದು ನಮಗೆ ತೋರಿತು. ನಿಜ ಹೇಳಿದರೆ ಮನೆಯ ಶಾಂತಿ ಕೆಡುತ್ತದೆಂದು ನಾವು ಅಂಜಿದ್ದೆವು. ನಿಜವೇ ಸಾಕಾಗಿತ್ತು.

ಬಂಧುಗಳೇ, ಪರದೇಶದಲ್ಲಿರಲಿ ಊರಿನಲ್ಲಿರಲಿ, ನಿಮ್ಮ ಮಕ್ಕಳು ಒಂದು ಹಬ್ಬವನ್ನು ತೋರಿಸಿ ಇದು ಏಕೆ, ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಕೇಳಲಿ. ತಿಳಿದಿದ್ದರೆ ತಿಳಿದಷ್ಟು ಹೇಳಿರಿ. ತಿಳಿಯದಿದ್ದರೆ ‘ತಿಳಿಯದು, ಕೂಡಿ ಹುಡುಕೋಣ’ ಎನ್ನಿರಿ. ನಮ್ಮದೆಂದು ಹೇಳಿದರೆ ಮಾತ್ರ ಒಂದು ಹಬ್ಬಕ್ಕೆ ಬೆಲೆ ಬರುತ್ತದೆ ಎಂದು ಭಾವಿಸಬೇಡಿರಿ. ಪರರದೆಂದು ಹೇಳಿದ ಮಾತ್ರಕ್ಕೆ ಅದು ಕೀಳೂ ಆಗುವುದಿಲ್ಲ. ಮತ್ತು ಯಾರಾದರೂ ವಿದ್ವಾಂಸರು ನಿಮ್ಮ ಮನೆಗೆ ಬಂದು ಹಬ್ಬದ ಮೂಲವನ್ನು ಒಂದೇ ಉಸಿರಿನಲ್ಲಿ ಹೇಳಿದರೆ, ಅದು ಯಾವ ಪುಸ್ತಕದಲ್ಲಿದೆ ಎಂದು ಆ ಮಗು ಕೇಳಿದಂತೆ ನೀವೂ ಕೇಳಿರಿ. ಆ ವಿದ್ವಾಂಸರು ನಾವೇ ಆಗಿದ್ದರೂ ಸಂಕೋಚಪಡಬೇಡಿರಿ.

2014ರ ನವೆಂಬರ್ 1ರಂದು ನಾವು ಆಡಿದ ಆ ಮಾತನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇವೆ. ಅಂದು ಅದನ್ನು ಕೇ‍ಳಿದವರು, ಬೇರೆಯವರಿಂದ ಕೇಳಿ ನಂಬಿದವರು, ಈ ಬರಹವನ್ನು ತಮ್ಮ ಮಕ್ಕಳಿಗೂ ಓದಿ ಹೇಳಬೇಕೆಂದು ಪ್ರಾರ್ಥನೆ.